ಹನಿ ಬೀಳಲಿ ಎಂದ ವಾಮದೇವಪ್ಪನವರು

ಹರಿಹರದ ಹೊಳೆದಂಡೆಯ ಗಿರಣಿಯಲ್ಲಿ, ಅದರ ವಿದ್ಯುದಾಗಾರದ ಫ್ರೆಂಚ್ ಪಂಪುಗಳಿಗೆ ಕನ್ನಡ ಕಲಿಸಿದವರು ಯಾರೆಂದು ಕೇಳಿದರೆ ಮಾಯಕೊಂಡದ ಶ್ರೀ ವಾಮದೇವಪ್ಪನವರ ಹೆಸರನ್ನಲ್ಲದೆ ಇನ್ನೊಂದನ್ನು ಹೇಳುವಂತಿಲ್ಲ. ಈ ತಿಂಗಳು, 1969ರ ಜೂನ್‌ನಲ್ಲಿ, ನಿವೃತ್ತರಾಗುತ್ತಿರುವ ಅವರ ಹದಿನೆಂಟು ವರ್ಷಗಳ ಸೇವೆಯನ್ನು ನೆನೆಯುವಾಗ, ಮುಚ್ಚಿಡಬೇಡಿರೆಂದು ಅವರೇ ತಾಕೀತು ಮಾಡಿರುವ ಒಂದು ತಪ್ಪನ್ನೂ ಹೇಳಲೇಬೇಕಾಗಿದೆ.

ಅರಳೆ ವ್ಯಾಪಾರದ ಮನೆತನದ ಅವರು ತಾರುಣ್ಯದಲ್ಲಿ ಪಾಂಡಿಚೇರಿಯ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದು ಫ್ರೆಂಚ್ ಕಲಿತರು. 1951ರಲ್ಲಿ ಗಿರಣಿಯ ಕಚೇರಿ ಸೇರಿ ದಾವಣಗೆರೆಯಿಂದ ದಿನವೂ ರೈಲಿನಲ್ಲಿ ಬರತೊಡಗಿದರು. 1957ರಲ್ಲಿ ಬಾಯ್ಲರಿಗೆ ನೀರೂಡುವ ಎರಡು ಪಂಪುಗಳು ಫ್ರಾನ್ಸಿನಿಂದ ಬಂದವು. ಕೈಪಿಡಿ ಓದಬಲ್ಲವರು ಅವರೊಬ್ಬರೇ. ತೊಡೆಯ ಮೇಲೆ ನಿಘಂಟಿಟ್ಟುಕೊಂಡು ರೈಲಿನಲ್ಲೇ ಅನುವಾದಿಸಿದರು. ಫ್ರೆಂಚಿನಲ್ಲಿ ಮರಕ್ಕೂ ಪಂಪಿನ ದಂಡಕ್ಕೂ ಒಂದೇ ಮಾತು. ‘ಮರವನ್ನು ಕೈಯಿಂದ ತಿರುಗಿಸಿ’ ಎಂದು ಬರೆದದ್ದನ್ನು ಕಂಡು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದನ್ನು ತಿದ್ದಿದ್ದಾಯಿತು. ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ತಿರುಗುವ ದಂಡ ಹೊರಬರುವಲ್ಲಿ ನೀರು ಸೋರದಂತೆ ನಾರು ತುಂಬಿ ಬಿಗಿಯುತ್ತಾರೆ. ಆ ಜಾಗದಲ್ಲಿ ಕೈಪಿಡಿ ‘ಗೂತೆ’ ಎಂದಿತ್ತು. ‘ರುಚಿ ನೋಡು’ ಎಂದಿತು ನಿಘಂಟು. ಬಾಯ್ಲರಿನ ನೀರಿನಲ್ಲಿ ಉಪ್ಪಿರಬಾರದೆಂದು ಕೇಳಿದ್ದ ಅವರಿಗೆ ಅದು ಸರಿಯೆಂದೇ ತೋರಿತು. ‘ಬಿಗಿ ಮಾಡಿ, ನೀರಿನ ರುಚಿ ನೋಡಿ’ ಎಂದು ಬರೆದರು. ಫಿಟ್ಟರ್ ನಬೀ ಸಾಬರು ಹಾಗೆಯೇ ಬಿಗಿದರು, ರುಚಿ ನೋಡಿದರು, ಪಂಪು ಚಾಲೂ ಮಾಡಿದರು. ಅರ್ಧ ಗಂಟೆಯಲ್ಲಿ ನಾರು ಹೊಗೆಯಾಡಿ ದಂಡ ಹಾಳಾಯಿತು.

“ರುಚಿ ನೋಡೀನ್ರಿ, ನೀರು ಸಪ್ಪಗೈತೆ,” ಎಂದರು ನಬೀ ಸಾಬರು ವಿಚಾರಣೆಯಲ್ಲಿ. ಇದು ಕುಚೋದ್ಯವೆಂದು ಅಧಿಕಾರಿಗಳು ಸಿಟ್ಟಾದರು. ಅನುವಾದದ ಕಾಗದವನ್ನು ತರಿಸಿಯೂ ನೋಡದೆ ಅವರನ್ನು ಕೆಲಸದಿಂದ ತೆಗೆದರು.

ಸುದ್ದಿ ಕೇಳಿದ ವಾಮದೇವಪ್ಪನವರು ಮತ್ತೆ ಕೈಪಿಡಿ ತೆರೆದರು. ಉಚ್ಚಾರ ಒಂದೇ, ಒಂದು ‘ಟಿ’ ಇದ್ದರೆ ರುಚಿ, ಎರಡಿದ್ದರೆ ಹನಿ. ಅಲ್ಲಿದ್ದುದು ಎರಡು. ಹನಿ ಬೀಳುವಷ್ಟು ಸಡಿಲ ಬಿಡಿ ಎಂದು ಅದರ ಅರ್ಥ; ತಿರುಗುವ ದಂಡದ ಉಜ್ಜಿಗೆ ನಾರು ಸುಡದಂತೆ ತಂಪಾಗಿಡುವುದು ಆ ಹನಿಯೇ. ಹರಿಹರದಲ್ಲಿ ಆ ತಪ್ಪು ಹಿಡಿಯಬಲ್ಲವರು ಬೇರೆ ಇರಲಿಲ್ಲ; ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರೂ ಇರಲಿಲ್ಲ. ಅವರು ನೆಟ್ಟಗೆ ಮ್ಯಾನೇಜರರ ಮುಂದೆ ನಿಂತು, ತಪ್ಪು ತಮ್ಮದೆಂದು ಬರೆದುಕೊಟ್ಟರು. ನಬೀ ಸಾಬರು ಕೆಲಸಕ್ಕೆ ಮರಳಿದರು. ವಾಮದೇವಪ್ಪನವರ ಬಡ್ತಿ ಐದು ವರ್ಷ ನಿಂತುಹೋಯಿತು.

ಅವರು ಕ್ಷಮೆ ಕೇಳಲು ಹೋದಾಗ ನಬೀ ಸಾಬರು ಅಂದರು: “ಹನಿ ಬೀಳ್ಬೇಕು ಅಂತ ನಂಗೊತ್ತಿತ್ರೀ. ಇಪ್ಪತ್ತು ವರ್ಷದ ಕೈ ಇದು.”

“ಮತ್ತೆ ಯಾಕ ಬಿಗಿದ್ರಿ ಸಾಬ್ರೆ?”

“ನೀವು ಬರ್ದಿದ್ರಲ್ಲ. ಓದಿದೋರು ತಪ್ಪು ಬರೀತಾರೇನ್ರಿ?”

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲವೆಂದು ವಾಮದೇವಪ್ಪನವರು ಇಂದಿಗೂ ಹೇಳುತ್ತಾರೆ. ಮರುದಿನದಿಂದಲೇ ಪಂಪಿನ ಪಕ್ಕ ನಿಂತು ನಬೀ ಸಾಬರಿಗೆ ಓದಿ ಹೇಳದೆ ಒಂದು ಪದವನ್ನೂ ಅವರು ಅಚ್ಚಿಗೆ ಕೊಡಲಿಲ್ಲ. ನಾರುಗಟ್ಟು, ಊಡುಪಂಪು, ಅದು ಕೆಟ್ಟರೆ ಕೈಹಿಡಿಯುವ ಆಸರೆಪಂಪು ಎಂಬ ಮಾತುಗಳಿರುವ 1964ರ ಪದಕೋಶ ಹುಟ್ಟಿದ್ದು ಹೀಗೆ. ಅದರ ಮೊದಲ ಪುಟದಲ್ಲಿ ಅನುವಾದಕರ ಹೆಸರಿಗಿಂತ ಮೇಲೆ ‘ನೋಡಿ ಒಪ್ಪಿದವರು: ನಬೀ ಸಾಬ್, ಫಿಟ್ಟರ್’ ಎಂದಿದೆ.

ವಿದ್ಯುದಾಗಾರದ ಟರ್ಬೈನಿನ ಫ್ರೆಂಚ್ ಕೈಪಿಡಿ ಅನುವಾದವಾಗದೆ ಇನ್ನೂ ಉಳಿದಿದೆ. ಅದನ್ನವರು ಮನೆಗೆ ಒಯ್ಯುತ್ತಿದ್ದಾರೆ. ಶ್ರೀಮತಿ ದ್ರಾಕ್ಷಾಯಣಮ್ಮನವರೊಂದಿಗೆ ಅವರು ಆಯುರಾರೋಗ್ಯದಿಂದ ಬಾಳಿ, ಆ ಕೆಲಸವನ್ನೂ ಪೂರೈಸಲಿ ಎಂಬುದು ಗಿರಣಿಯ ಸಮಸ್ತರ ಹಾರೈಕೆ. ಮೊನ್ನೆ ಅವರು ಪಂಪಿನ ಮನೆಗೆ ಬಂದು ಆ ಕೈಪಿಡಿ ತೋರಿಸಿದಾಗ, ಹನಿ ಬೀಳುತ್ತಿದ್ದ ನಾರುಗಟ್ಟನ್ನು ಒರೆಸುತ್ತಲೇ ನಬೀ ಸಾಬರು ಅಂದರಂತೆ:

“ಬರ್ಕಂಡು ಬರ್ರಿ. ತಪ್ಪಿದ್ರೆ ಈ ಸಲ ಹೇಳ್ತೀನಿ.”