ಲೈಸೆನ್ಸಿಗೆ ಗಂಧದ ಹಾರ

ಸ್ನೇಹಿತರೇ, ಸಮುದ್ರವೇ ಇಲ್ಲದ ನಮ್ಮ ಮೈಸೂರಲ್ಲಿ ಹಡಗಿನ ಕೆಲಸ ಕೊಡಿಸುವ ಏಜೆಂಟರೊಬ್ಬರಿದ್ದಾರೆ, ಮಂಡಿ ಮೊಹಲ್ಲಾದ ಒಂದು ಮಹಡಿಯಲ್ಲಿ. ನನ್ನ ಭಾವಮೈದುನ ನಂಜುಂಡ ಇವತ್ತು ಬೆಳಿಗ್ಗೆ ಅಕ್ಕಿ ಗಿರಣಿಯ ಕೆಲಸ ಬಿಟ್ಟು, ನನ್ನನ್ನೂ ನಮ್ಮತ್ತೆಯನ್ನೂ ಜಟಕಾದಲ್ಲಿ ಕೂರಿಸಿಕೊಂಡು ನೇರ ಅಲ್ಲಿಗೇ ಹೋದ.

ಏಜೆಂಟರ ತಲೆಯ ಹಿಂದೆ ಗೋಡೆಯಲ್ಲಿ ಗಾಜಿನ ಫ್ರೇಮು, ಅದಕ್ಕೊಂದು ಗಂಧದ ಹಾರ. ಕಣ್ಣು ಮಂಜಾಗಿ ಕಿವಿಯೂ ಮಂದವಾಗಿರುವ ಅತ್ತೆ ಅದಕ್ಕೆ ಕೈಮುಗಿದು ಕೇಳಿದರು, "ತಂದೆಯೋರಾ? ಯಾವಾಗ ತೀರ್ಕೊಂಡ್ರಪ್ಪಾ?"

"ಅಯ್ಯೋ, ಫೋಟೋ ಅಲ್ಲ ಕಣಮ್ಮ! ಅದು ನಮ್ಮ ಲೈಸೆನ್ಸು!"

ಲೈಸೆನ್ಸು ಎಂದ ಮೇಲೆ ಓದದೆ ಇರಲಾದೀತೇ? ಹಾರ ಸರಿಸಿ ನೋಡಿದೆ. ಅವಧಿ ಮುಗಿದು ಎರಡು ವರ್ಷವಾಗಿತ್ತು. ಕೇಳಿದ್ದಕ್ಕೆ ಏಜೆಂಟರು ನನ್ನ ಮೇಲೇ ರೇಗಿದರು. "ಲೈಸೆನ್ಸ್ ಮುಗುದ್ರೆ ಏನ್ ಸ್ವಾಮಿ? ಸಮುದ್ರ ಮುಗ್ದೋಗಿದ್ಯಾ?"

"ಏನಂತೆ ಅಳಿಯಂದ್ರೇ?" ಎಂದರು ಅತ್ತೆ.

"ಎರಡು ವರ್ಷದ ಹಿಂದೆಯೇ ತೀರ್ಹೋಗಿದೆಯಂತೆ."

"ಮತ್ತೆ? ನಾನು ಕೇಳಿದ್ದೂ ಅದ್ನೇ ಅಲ್ವಾ!" ಎಂದವರೇ ಮಗನ ರಟ್ಟೆ ಹಿಡಿದು ಮೆಟ್ಟಿಲಿಳಿಸಿದರು. "ನಡಿಯೋ, ನಾಳೆ ಗಿರಣಿ ಯಜಮಾನ್ರ ಕಾಲಿಗೆ ಬೀಳೀವಂತೆ."

ಮನೆಗೆ ಬಂದ ಮೇಲೆ, ಮೊದಲು ತಾವು ಮಿಂದ ಅತ್ತೆ ನಮ್ಮಿಬ್ಬರನ್ನೂ ಹೊಸಿಲು ದಾಟಲು ಬಿಡಲಿಲ್ಲ. "ಸಾವಿನ ಮನೆಗೋಗ್ ಬಂದು ಅಂಗೇ ಒಳಕ್ ಬತ್ತೀರಾ? ಹಿತ್ತಲ ಕಡೆಯಿಂದ ಹೋಗಿ ತಲೆ ಮೇಲೆ ನೀರು ಹುಯ್ಕೊಳ್ಳಿ!"

ನನ್ನ ಸರದಿ ಬರುವವರೆಗೆ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸಮುದ್ರಕ್ಕೆ ಹೊರಟಿದ್ದ ನಂಜುಂಡ ಸದ್ಯಕ್ಕೆ ಬಚ್ಚಲಿಗಿಳಿದಿದ್ದಾನೆ.