ನಮ್ಮನೆಯವರ ಜೀಪಿಗೆ ಬರುವ ಬೆಕ್ಕುಗಳು

ನಮ್ಮನೆಯವರು, ಅಂದರೆ ದೇವೇಂದ್ರ, ಬಾಳೂರಿನಿಂದ ಕಳಸಕ್ಕೆ ಜೀಪು ಓಡಿಸುತ್ತಾರೆ. ಜೀಪಿನ ತುಂಬ ಜನ, ಜನರ ಕಾಲಸಂದಿಯಲ್ಲಿ ಮೆಣಸಿನ ಮೂಟೆ, ಗ್ಯಾಸ್ ಸಿಲಿಂಡರ್, ಒಮ್ಮೊಮ್ಮೆ ಕೋಳಿ. ಆಗಾಗ ಬಾಯಿ ಕಟ್ಟಿದ ಒಂದು ಗೋಣಿಚೀಲವೂ ಇರುತ್ತದೆ. ಅದು ಮಿಯಾಂವ್ ಎನ್ನುತ್ತದೆ.

ನಮ್ಮ ಕಡೆ ಸಾಕಿದ ಬೆಕ್ಕು ಎಷ್ಟೇ ಕಾಟ ಕೊಟ್ಟರೂ ಕೊಲ್ಲುವುದು ಮಹಾಪಾಪ. ಚೀಲದಲ್ಲಿ ಕಟ್ಟಿ, ದಾರಿ ಗುರುತು ಸಿಗದಷ್ಟು ದೂರ ಬಿಟ್ಟು ಬಂದರೆ ಪಾಪವಿಲ್ಲ. ಇದನ್ನು ಯಾವ ಪುಣ್ಯಾತ್ಮ ತೀರ್ಮಾನ ಮಾಡಿದನೋ ನನಗೆ ಗೊತ್ತಿಲ್ಲ. ಆ ಕೆಲಸಕ್ಕೆ ಜೀಪಿನವರೇ ಬೇಕು. "ದೇವೇಂದ್ರ, ಇದನ್ನ ದೇವರಮನೆ ಗುಡ್ಡದ ಹತ್ರ ಎಲ್ಲಾದ್ರೂ ಬಿಟ್ಬಿಡು ಮಾರಾಯ" ಎಂದು ಚೀಲ ಕೊಟ್ಟು ಹೋಗುತ್ತಾರೆ. ಇವರು "ಆಯ್ತು" ಅನ್ನುತ್ತಾರೆ. ಬಿಡುವುದು ಮಾತ್ರ ನಮ್ಮ ಮನೆಯಲ್ಲಿ.

ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ರೇಷ್ಮೆ ಬಟ್ಟೆಗೆ ಬೆಕ್ಕಿನ ಕೂದಲು ಅಂಟಿದರೆ ಗಿರಾಕಿಗೆ ಉತ್ತರ ಹೇಳಬೇಕಾದವಳು ನಾನು, ಇವರಲ್ಲ. ಮೊದಮೊದಲು ಜಗಳವಾಡಿದೆ, ಆಮೇಲೆ ಮಾತು ಬಿಟ್ಟೆ. ಕೊನೆಗೆ, ಇನ್ನೊಂದು ಬೆಕ್ಕು ಹೊಸ್ತಿಲು ದಾಟಿದರೆ ತವರಿಗೆ ಹೋಗುತ್ತೇನೆ ಎಂದೆ. ನನ್ನ ತವರು ಕಳಸ. ಇವರ ಜೀಪಿನಲ್ಲೇ ಹೋಗಬೇಕು. ಇವರು ನಕ್ಕುಬಿಟ್ಟರು.

ಆದರೂ ಅಂದಿನಿಂದ ಚೀಲ ತಂದವರನ್ನು ಮೊದಲು ವಿಚಾರಣೆ ಮಾಡತೊಡಗಿದರು. "ಎಂತ ಮಾಡ್ತು? ಯಾವಾಗಿಂದ? ಅದಕ್ಕೂ ಮುಂಚೆ ಮನೇಲಿ ಎಂತ ಬದಲಾಯ್ತು?" ಪೊಲೀಸರೂ ಇಷ್ಟು ಕೇಳುವುದಿಲ್ಲ.

ಗಂಗಾಧರಪ್ಪನವರ ಬೆಕ್ಕು ಕಣದಲ್ಲಿ ಒಣಹಾಕಿದ ಕಾಫಿಯನ್ನು ಕೆದಕಿ ಗಲೀಜು ಮಾಡುತ್ತಿತ್ತು. ಕಾಫಿಗೆ ವಾಸನೆ ಹಿಡಿದರೆ ಯಾರು ಕೊಳ್ಳುತ್ತಾರೆ? ಇವರು ಹೋಗಿ ನೋಡಿದರೆ ಆ ವರ್ಷ ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸಿದ್ದರು. ಕೆದಕಿ ಮುಚ್ಚಲು ಬೆಕ್ಕಿಗೆ ಮಣ್ಣೇ ಉಳಿದಿರಲಿಲ್ಲ, ಕಾಫಿಯೊಂದೇ ಇತ್ತು. ಹಳೆಯ ಬಾಂಡ್ಲಿಗೆ ಮರಳು ತುಂಬಿ ಮೂಲೆಯಲ್ಲಿಟ್ಟು, ದಿನಾ ಚೊಕ್ಕ ಮಾಡಿ ಎಂದು ಹೇಳಿ ಬಂದರು. ಕಣದ ಕಾಟ ನಿಂತಿತು. ಇನ್ನೊಂದು ಮನೆಯಲ್ಲಿ ಬೆಕ್ಕು ಹೊಸ ಸೋಫಾ ಹರಿಯುತ್ತಿತ್ತು. ಸಿಲ್ವರ್ ಓಕ್ ಮರದ ತುಂಡಿಗೆ ಗೋಣಿ ಸುತ್ತಿ ಸೋಫಾದ ಪಕ್ಕ ನಿಲ್ಲಿಸಿದರು. ಚಂದ ಕಾಣುವುದಿಲ್ಲವೆಂದು ಮನೆಯವರು ಅದನ್ನು ಬಾಗಿಲ ಹಿಂದೆ ಇಟ್ಟರು, ಬೆಕ್ಕು ಮತ್ತೆ ಸೋಫಾಕ್ಕೇ ಬಂತು. ನಿದ್ದೆಯಿಂದೆದ್ದು ಮೈಮುರಿಯುವಲ್ಲೇ ಅದಕ್ಕೆ ಉಗುರು ಎಳೆಯಬೇಕು, ಬಾಗಿಲ ಹಿಂದೆ ಯಾರು ಹೋಗುತ್ತಾರೆ? ತುಂಡು ಮೊದಲಿನ ಜಾಗಕ್ಕೆ ಬಂದ ಮೇಲೆ ಸೋಫಾ ಉಳಿಯಿತು. ಊರವರು ಇವರನ್ನು ಬೆಕ್ಕಿನ ಡಾಕ್ಟರ್ ಅಂದರು. ಇವರು ಬೇಡ ಅನ್ನಲಿಲ್ಲ, ಮೀಸೆಯ ಮೇಲೆ ಕೈ ಹೋಗುವುದು ಹೆಚ್ಚಾಯಿತು.

ಅಷ್ಟರಲ್ಲಿ ಪ್ರೇಮಕುಮಾರಿ ಅಕ್ಕನ ಸುಬ್ಬನ ವಿಷಯ ಬಂತು. ಪ್ರೇಮಕ್ಕನವರದು ನಮ್ಮ ಮನೆಯ ಮೇಲಿನ ತಿರುವಿನಲ್ಲಿ ಸಣ್ಣ ತೋಟ. ಸುಬ್ಬ ಅವರು ಹತ್ತಿಯಲ್ಲಿ ಹಾಲು ಅದ್ದಿ ಬದುಕಿಸಿದ ಗಂಡು ಬೆಕ್ಕು. ಅಂಥವನು ಇದ್ದಕ್ಕಿದ್ದಂತೆ ಅವರ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯತೊಡಗಿದ. ಮನೆಯಲ್ಲಿ ಬೇರೆ ಹಾಸಿಗೆಗಳಿದ್ದರೂ ಅವನಿಗೆ ಅವರದೇ ಬೇಕು. "ನನ್ನ ಮೇಲೆ ಎಂಥ ಹಗೆಯೋ ಅವನಿಗೆ" ಎಂದು ಪ್ರೇಮಕ್ಕ ಕಣ್ಣೀರು ಹಾಕಿದರು.

ಇವರು ಹೋಗಿ ನೋಡಿದರು. ಹೊಸ ಮೆತ್ತೆ ತಂದಿದ್ದರಂತೆ. ಹೊಸ ವಾಸನೆ ಅವನಿಗೆ ಹಿಡಿಸಿಲ್ಲ, ನಿಮ್ಮ ಹಳೆ ಸೀರೆ ಹಾಸಿ ಎಂದರು. ಸೀರೆಯೂ ಒದ್ದೆಯಾಯಿತು. ಹೊರಗೆ ಬೇರೆ ಗಂಡು ಬೆಕ್ಕು ಸುಳಿಯುತ್ತಿದೆ, ಅದಕ್ಕೇ ಇವನು ತನ್ನ ಜಾಗಕ್ಕೆ ಗುರುತು ಹಾಕುತ್ತಾನೆ, ಕಿಟಕಿ ಹಾಕಿ ಎಂದರು. ಕಿಟಕಿ ಹಾಕಿದ ಕೋಣೆಯಲ್ಲಿ ನಾತ ಇನ್ನೂ ಹೆಚ್ಚಾಯಿತು. ಕೊನೆಗೆ ಒಂದು ಸಂಜೆ ಪ್ರೇಮಕ್ಕ ತಾವೇ ಸುಬ್ಬನನ್ನು ಚೀಲಕ್ಕೆ ಹಾಕಿ ತಂದರು. "ಮನೆಯವ್ರು ಬೈತಾರೆ, ನಂಗೂ ಸಾಕಾಯ್ತು. ಒಳ್ಳೆ ಜಾಗ ನೋಡಿ ಬಿಡು ದೇವೇಂದ್ರ" ಎಂದು ತಿರುಗಿ ನೋಡದೆ ಹೋದರು. ಕೇಳಲು ಇವರ ಬಳಿ ಪ್ರಶ್ನೆಗಳೇ ಉಳಿದಿರಲಿಲ್ಲ.

"ಇವತ್ತೊಂದಿನ ಇರ್ಲಿ ಸುಕನ್ಯಾ. ನಾಳೆ ಕಳಸದಾಚೆ ಯಾರದ್ದಾದ್ರೂ ಮನೆ ನೋಡ್ತೀನಿ" ಎಂದರು ನನಗೆ. ಆ ಸೋತ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ. ಸುಬ್ಬ ಅನ್ನ ಮುಟ್ಟಲಿಲ್ಲ.

ಬೆಳಿಗ್ಗೆ ಇವರು ಜೀಪಿಗೆ ಜನ ಹತ್ತಿಸುತ್ತಿದ್ದಾಗ ಸುಬ್ಬ ನನ್ನ ಬಟ್ಟೆ ಬುಟ್ಟಿ ಹತ್ತಿ ಕುಕ್ಕರಿಸಿದ. ಬಿಳಿ ಲೈನಿಂಗ್ ಬಟ್ಟೆ ಕತ್ತರಿಸಿಟ್ಟಿದ್ದೆ. ಪೊರಕೆ ಎತ್ತಿಕೊಂಡು ಓಡಿದೆ. ಅವನು ಅಲುಗಲಿಲ್ಲ. ತಿಣುಕಿದ, ಒಂದೇ ಹನಿ ಬಿತ್ತು. ಕೆಳಗಿಳಿದು ಮತ್ತೆ ಕುಕ್ಕರಿಸಿದ, ಏನೂ ಬರಲಿಲ್ಲ, ನರಳಿದ. ಬಟ್ಟೆಯ ಮೇಲಿನ ಹನಿ ಕೆಂಪಗಿತ್ತು. ಪೊರಕೆ ಬಿಸಾಡಿ ಅವನ ಪಕ್ಕ ಕೂತೆ. ಬೇಸಿಗೆಯಲ್ಲಿ ನೀರು ಕುಡಿಯದೆ ಮಿಷನ್ ಮುಂದೆ ಕೂತು ನಾನೂ ಇದೇ ಪಾಡು ಪಟ್ಟಿದ್ದೇನೆ. ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

"ರೀ, ಇಲ್ಬನ್ನಿ! ಹಗೆನೂ ಅಲ್ಲ, ಎಂಥದ್ದೂ ಅಲ್ಲ. ಇವನಿಗೆ ಉರಿಮೂತ್ರ. ಈಗ ಕಟ್ಕೊಂಡೇ ಬಿಟ್ಟಿದೆ!"

ಇವರು ಓಡಿ ಬಂದು ಹೊಟ್ಟೆ ಮುಟ್ಟಿದರು, ಕಲ್ಲಿನ ಹಾಗಿತ್ತು. ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು ಬೆಳಗಿನ ಟ್ರಿಪ್ ಹೊಡೆಯುವವರು ಜೀಪಿನ ಮುಂದೆ ನಿಂತು, "ಎಲ್ಲಾ ಇಳೀರಿ, ಜೀಪು ಮೂಡಿಗೆರೆಗೆ ಹೋಗ್ತದೆ. ನೀವು ಬಸ್ಸಿಗೆ ಹೋಗಿ" ಎಂದರು. ತೋಟದ ಕೆಲಸಕ್ಕೆ ಹೊರಟಿದ್ದ ಹುಚ್ಚಮ್ಮಜ್ಜಿ, "ಬೆಕ್ಕಿಗೋಸ್ಕರ ನಮ್ಮನ್ನ ಇಳಿಸ್ತೀಯಲ್ಲೋ ಮಾರಾಯ" ಎಂದು ಗೊಣಗುತ್ತ ಇಳಿದರು. ಇಳಿದ ಮೇಲೆ ತಮ್ಮ ಟವೆಲ್ಲನ್ನು ನನ್ನ ಕೈಗೆ ತುರುಕಿ, ಅದಕ್ಕೆ ಹೊದೆಸು ಎಂದರು.

ಮೂಡಿಗೆರೆಯಲ್ಲಿ ಪಶುವೈದ್ಯರು ಸಣ್ಣ ನಳಿಕೆ ಹಾಕಿ ತಡೆ ಬಿಡಿಸಿದರು. ಗಂಡು ಬೆಕ್ಕಿಗೆ ಹೀಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗುತ್ತದಂತೆ. ನೋವು ಶುರುವಾದಾಗ ಅವು ಮೆತ್ತಗಿನ ಜಾಗ ಹುಡುಕುವುದೂ ಉಂಟಂತೆ. ಒಣ ಪ್ಯಾಕೆಟ್ ತಿಂಡಿ ಕಡಿಮೆ ಮಾಡಿ, ಮನೆಯ ನಾಲ್ಕು ಕಡೆ ನೀರಿನ ಬಟ್ಟಲಿಡಿ ಎಂದರು. ಮತ್ತೆರಡು ದಿನ ಓಡಾಡಿ ಔಷಧಿ ಹಾಕಿಸಿದೆವು. ಅವನು ಉಳಿಯುತ್ತಾನೋ ಇಲ್ಲವೋ ತಿಳಿಯದೆ, ಪ್ರೇಮಕ್ಕನಿಗೆ ಹೇಳಲು ಇವರಿಗೆ ಬಾಯಿಯೇ ಬರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಸುಬ್ಬ ನಮ್ಮ ಅಂಗಳದ ಮಣ್ಣು ಕೆದಕಿ, ತಾನಾಗಿ, ಧಾರಾಳವಾಗಿ ಉಚ್ಚೆ ಹೊಯ್ದ. ನಾನು ಚಪ್ಪಾಳೆ ತಟ್ಟಿದೆ. ಇವರು ಕಣ್ಣೊರೆಸಿಕೊಂಡರು. ಆ ಖುಷಿಗೆ ಪಾಯಸ ಮಾಡಿದೆ. ಬೆಕ್ಕಿನ ಉಚ್ಚೆಗೆ ಪಾಯಸ ಮಾಡಿದ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಸಂಜೆ ಅವನನ್ನು ಎತ್ತಿಕೊಂಡು ಪ್ರೇಮಕ್ಕನ ಮನೆಗೆ ಹೋದೆವು. "ಯಾಕೋ ವಾಪಸ್ ತಂದೆ?" ಎಂದರು, ಆದರೆ ಕೈ ಆಗಲೇ ಮುಂದೆ ಬಂದಿತ್ತು. ಇವರು ನಡೆದದ್ದೆಲ್ಲ ಹೇಳಿ, "ನಂಗೂ ಗೊತ್ತಾಗ್ಲಿಲ್ಲ ಪ್ರೇಮಕ್ಕ. ಮೆತ್ತೆ, ಕಿಟಕಿ ಅಂತ ಏನೇನೋ ಹೇಳ್ದೆ. ಮೊದ್ಲು ಡಾಕ್ಟ್ರಿಗೆ ತೋರಿಸ್ಬೇಕಿತ್ತು" ಎಂದು ತಲೆ ತಗ್ಗಿಸಿದರು.

ಪ್ರೇಮಕ್ಕ ನನ್ನ ಕಡೆ ತಿರುಗಿದರು. "ಮನೇಲಿ ಅಷ್ಟು ಹಾಸಿಗೆ ಇದ್ವಲ್ಲ ಸುಕನ್ಯಾ, ನಂದೇ ಯಾಕೆ?"

"ನೋವಾದ್ರೆ ಅವ್ನು ಇನ್ಯಾರ ಹತ್ರ ಹೋಗ್ಬೇಕು ಅಕ್ಕಾ?" ಎಂದೆ.

ಅವರು ಜಗಲಿಯ ಮೇಲೆ ಕುಸಿದು ಕೂತು, ಸುಬ್ಬನನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟರು. ಒಳಗಿಂದ ಅವರ ಯಜಮಾನರು, ಯಾರು ಬಂದದ್ದು ಎಂದು ಕೂಗಿ ಕೇಳಿದರು.

"ನಮ್ಮ ಸುಬ್ಬ" ಎಂದರು ಪ್ರೇಮಕ್ಕ, ಇಡೀ ತೋಟಕ್ಕೆ ಕೇಳುವಷ್ಟು ಗಟ್ಟಿಯಾಗಿ.