ಅತ್ತೆಯವರ ಹೊಸ ಹಲ್ಲು ಮತ್ತು ಕಲಬುರಗಿಯ ಬರ್ಗರು

ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ನಾನೂ ಅತ್ತೆಯವರೂ ಕಮಲಾಪುರ ಬಿಟ್ಟೆವು. 2006ರ ಏಪ್ರಿಲ್, ಕಿಟಕಿಯ ಸರಳು ಆಗಲೇ ಕಾದಿತ್ತು. ಕಲಬುರಗಿಗೆ ಸುಮಾರು ಮೂವತ್ತೈದು ಕಿಲೋಮೀಟರು, ಒಂದು ತಾಸಿನ ದಾರಿ. ಅತ್ತೆಯವರ ಕೈಚೀಲದಲ್ಲಿ ಹಲ್ಲಿನ ಡಾಕ್ಟರಿಗೆಂದು ನಮ್ಮೂರಿನ ಕೆಂಪು ಬಾಳೆಹಣ್ಣು. ಹಲ್ಲು ತೆಗೆಸಿದ ಮೇಲೆ ಮೂರು ತಿಂಗಳನ್ನು ಅವರು ನುಚ್ಚು, ಗಂಜಿಯಲ್ಲೇ ಕಳೆದಿದ್ದರು. ನಾನು ರೊಟ್ಟಿ ಬಡಿಯಲು ಕೂತರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಜೇವರ್ಗಿ ಕಾಲೋನಿಯ ದವಾಖಾನೆಯಲ್ಲಿ ಡಾಕ್ಟರು ಹೊಸ ಸೆಟ್ಟು ಕೂಡಿಸಿ, "ಇವತ್ತೇ ಏನಾದ್ರೂ ಮೆತ್ತಗಿಂದು ಕಡದು ತಿನ್ರಿ. ಅಂಜಿ ತೆಗದಿಟ್ರ ರೂಢಿ ಆಗಂಗಿಲ್ಲ" ಎಂದರು. ಅತ್ತೆಯವರು ತಲೆಯಾಡಿಸಿದರು. ಮೆಟ್ಟಿಲಿಳಿಯುವಷ್ಟರಲ್ಲಿ ಹಲ್ಲು ಡಬ್ಬಿ ಸೇರಿತ್ತು.

ರಸ್ತೆಯಾಚೆ ಹೊಸದಾಗಿ ತೆರೆದ ಬರ್ಗರ್ ರೆಸ್ಟೋರೆಂಟು ಕಂಡಿತು. ಬನ್ನು ಮೆತ್ತಗಿರುತ್ತದೆ ಎಂದು ಕರೆದೊಯ್ದೆ. ನನಗೂ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಒಳಗೆ ಎ.ಸಿ. ತಂಪು, ಮೇಜಿನ ಮೇಲಕ್ಕೆ ಇಳಿಬಿಟ್ಟ ಹಳದಿ ದೀಪ, ತೊಡೆಯ ಮೇಲೆ ಹಾಸಲು ಗಂಜಿ ಹಾಕಿದ ಬಟ್ಟೆ. ಅತ್ತೆಯವರು ಅದನ್ನು ಮುಟ್ಟಿ ನೋಡಿ, ಮಡಿಕೆ ಕೆಡದಂತೆ ಪಕ್ಕಕ್ಕಿಟ್ಟರು.

"ತತ್ತಿ-ಗಿತ್ತಿ ಹಾಕಿಲ್ಲಲ್ಲಪಾ?"

"ಇಲ್ರಿ ಅಮ್ಮಾರ, ಬನ್ನಿನಾಗೂ ಇಲ್ಲ. ಆಲೂಗಡ್ಡಿ, ಬಟಾಣಿ, ಮ್ಯಾಲೆ ಚೀಸ್. ಪೂರಾ ವೆಜ್ ಅದರಿ," ಎಂದರು ವೇಟರ್.

ಗೇಣೆತ್ತರದ ಎರಡು ಬರ್ಗರು ಬಂದವು, ನೆತ್ತಿಯ ಮೇಲೆ ಎಳ್ಳು. ಅತ್ತೆಯವರು ಸೆರಗು ಮರೆ ಮಾಡಿ ಹಲ್ಲು ಹಾಕಿಕೊಂಡರು. ಆದರೆ ಬಾಯಿ ತೆರೆಯಲಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರು ಕಲಿಸಿದ ಹಾಗೆ ಚೂರಿ, ಫೋರ್ಕು ಹಿಡಿದು ಅತ್ತೆಯವರ ಬರ್ಗರನ್ನು ತುಂಡು ಮಾಡಹೋದೆ.

"ಬಿಡು, ಕೂಸಿಗಿ ಉಣಿಸ್ದಂಗ ಮಾಡಬ್ಯಾಡ." ತಟ್ಟೆ ಎಳೆದುಕೊಂಡರು. "ಮಂದಿ ನೋಡ್ಲತ್ತಾರ. ಕಡಿಯೋವಾಗ ಹಲ್ಲು ಕಳಚಿ ಬಿತ್ತಂದ್ರ?"

ನಾನು ಕೈಕಟ್ಟಿ ಕೂತೆ. ನಮ್ಮ ಮನೆಯಲ್ಲಿ ಅತ್ತೆ ತುತ್ತು ಎತ್ತದೆ ಸೊಸೆ ಉಣ್ಣುವುದಿಲ್ಲ. ಹದಿನೇಳು ವರ್ಷ ನಾನೂ ಅದನ್ನು ಮೀರಿರಲಿಲ್ಲ. ಚೀಸು ಆರಿ ಬಿಗಿಯಾಯಿತು. ನನ್ನ ಹೊಟ್ಟೆ ಗುರ್ರೆಂದದ್ದು ಅವರಿಗೂ ಕೇಳಿಸಿತು.

"ಮುಂಜಾನಿಂದ ಏನೂ ತಿಂದಿಲ್ಲೇನು ನೀ?"

"ನೀವು ತಿಂದಿಲ್ಲಲ್ರಿ, ಅತ್ತಿ."

ಅತ್ತೆಯವರು ನನ್ನ ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದರು. "ಇವತ್ತ ನೀ ಮೊದಲ ಕಡಿ. ಹೆಂಗ ಕಡೀಬೇಕಂತ ನನಗೂ ತಿಳೀತದ."

ಅವರೆದುರು ಮೊದಲ ತುತ್ತಿಗೆ ಬಾಯಿ ತೆರೆಯಲು ಸಂಕೋಚವಾಯಿತು. ಚೂರಿ ಬದಿಗಿಟ್ಟು, ಎರಡೂ ಕೈಯಲ್ಲಿ ಹಿಡಿದು ಕಚ್ಚಿದೆ. ಹಿಂದಿನಿಂದ ಸಾಸು ಸೀರೆಯ ಮೇಲೆ ಸುರಿಯಿತು. ಅತ್ತೆಯವರು ನಕ್ಕರು, ಹೊಸ ಹಲ್ಲು ಅಷ್ಟೂ ಕಾಣುವ ಹಾಗೆ.

"ಇಷ್ಟು ಸಾಲಿ ಕಲ್ತು ನೀನೇ ಹಿಂಗ ತಿಂದ್ರ, ನನಗ್ಯಾತರ ನಾಚಿಕಿ!"

ಹಾಗೆಂದು ಕಚ್ಚಿದರು. ಹಲ್ಲು ನಿಂತಿತು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು.

ಸಂಜೆಯ ಬಸ್ಸು ಕಪನೂರಿನ ಕಾರ್ಖಾನೆಗಳನ್ನು ದಾಟುವಾಗ, ರುಚಿ ಹೇಗಿತ್ತು ಎಂದು ಕೇಳಿದೆ.

"ಸಪ್ಪಗ. ಮ್ಯಾಲೆ ಖಾರ ಶೇಂಗಾ ಹಿಂಡಿ ಉದುರಿಸಬೇಕಿತ್ತು." ಹಲ್ಲಿನ ಡಬ್ಬಿ ಖಾಲಿಯೇ ಅವರ ಮಡಿಲಲ್ಲಿತ್ತು. "ನಾಳಿ ಖಡಕ್ ರೊಟ್ಟಿ ಮಾಡು. ನಂದು ನಿಂದು ತಾಟು ಎರಡೂ ಜೋಡಿಲೇ ಹಚ್ಚು."